ಚೌಟ: ತಾಯಿಯ ಕಡೆಯಿಂದ ಬಂದ ಮನೆತನದ ಹೆಸರು

‘ಚೌಟ’ ಎಂಬುದು ತುಳುನಾಡಿನ ಜೈನ ಅರಸು ಮನೆತನವೊಂದರ ಹೆಸರು. ಇಂದು ಬಂಟರಲ್ಲಿಯೂ ಇದು ಕುಲನಾಮವಾಗಿ ಬಳಕೆಯಲ್ಲಿದೆ. ಉಳ್ಳಾಲ, ಪುತ್ತಿಗೆ ಹಾಗೂ ಮೂಡುಬಿದಿರೆ ಈ ಅರಸರ ಆಡಳಿತ ಕೇಂದ್ರಗಳಾಗಿದ್ದವು. ನವನಾರಿಕುಂಜರ, ಪಂಚನಾರೀತುರಗ ಕೆತ್ತನೆಗಳ ಮರದ ಕಂಬಗಳಿಂದ ಮೂಡುಬಿದಿರೆಯ ಚೌಟರ ಅರಮನೆ ಪ್ರಸಿದ್ಧವಾಗಿದೆ.

ಸ್ವೀಡನ್ನಿನ ‘ಆಂಡರ್ಸನ್’ ಎಂದರೆ ಆಂಡರ್ಸ್‌ ಎಂಬಾತನ ಮಗ. ಅಲ್ಲಿ ತಂದೆಯ ಹೆಸರೇ ಕುಲನಾಮಕ್ಕೆ ಮೂಲ. ಚೌಟರಲ್ಲಿ ಹಾಗಲ್ಲ. ಅಳಿಯಸಂತಾನ ಪದ್ಧತಿಯಂತೆ ಮನೆತನ ಮುಂದುವರಿಯುತ್ತಿದ್ದುದು ತಾಯಿಯಿಂದ. ಪಟ್ಟ ಸಲ್ಲುತ್ತಿದ್ದುದು ಸೋದರಳಿಯನಿಗೆ. ಹೆಣ್ಣಿಗೂ ಆಳುವ ಅಧಿಕಾರವಿತ್ತು. 16ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ, ಬಂಗ ಮನೆತನದ ಅರಸನನ್ನು ವರಿಸಿದರೂ ಚೌಟರ ರಾಣಿಯಾಗಿಯೇ ಉಳಿದಳು.

1949ರ ಮದರಾಸು ಅಳಿಯಸಂತಾನ ಕಾಯಿದೆಯು ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ಅವಕಾಶ ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ತಂದೆಯ ಆಸ್ತಿಗೆ ಮಕ್ಕಳು ವಾರಸುದಾರರು. ಈಗ ತಂದೆಯ ಕುಲನಾಮವನ್ನು ಇಟ್ಟುಕೊಳ್ಳುವವರೂ ಇದ್ದಾರೆ. ಆದರೆ ಬಂಟರಲ್ಲಿ ಮದುವೆಯ ಮಾತು ಬಂದಾಗ ಮೊದಲು ವಿಚಾರಿಸುವುದು ‘ಬರಿ’ಯನ್ನು, ಅದು ಇಂದಿಗೂ ತಾಯಿಯಿಂದಲೇ ಬರುತ್ತದೆ.