ಐರ್ಲೆಂಡಿನ ವಿಭಜನೆಯೂ ನ್ಯಾಯಾಡಳಿತವೂ: ನ್ಯಾಯಾಲಯ, ಇಲಾಖೆ ಮತ್ತು ವಾರಂಟುಗಳ ಇತಿಹಾಸ

1920ನೆಯ ಇಸವಿ ಡಿಸೆಂಬರ್ 23ರಂದು ಬ್ರಿಟಿಷ್ ದೊರೆಯ ಅಂಕಿತವನ್ನು ಪಡೆದ ಐರ್ಲೆಂಡ್ ಸರ್ಕಾರದ ಶಾಸನವು ಆ ದ್ವೀಪವನ್ನು ಉತ್ತರ ಐರ್ಲೆಂಡ್, ದಕ್ಷಿಣ ಐರ್ಲೆಂಡ್ ಎಂದು ಎರಡಾಗಿ ವಿಂಗಡಿಸಿತು. ಆರು ಜಿಲ್ಲೆಗಳು ಉತ್ತರಕ್ಕೆ ಸೇರಿದವು. ಮಿಕ್ಕ ಇಪ್ಪತ್ತಾರು ದಕ್ಷಿಣಕ್ಕೆ ಉಳಿದವು. ಈ ವಿಭಜನೆಯ ರಾಜಕೀಯ ಕಾರಣಗಳನ್ನು ಕುರಿತ ಗ್ರಂಥಗಳು ಹೇರಳವಾಗಿವೆ. ನಾವು ಇಲ್ಲಿ ವಿಚಾರಿಸಹೊರಟಿರುವುದು ಅದಕ್ಕಿಂತ ಕಿರಿದಾದ, ಆದರೆ ಸಾಮಾನ್ಯ ಪ್ರಜೆಯ ಮೈಮೇಲೆ ನೇರವಾಗಿ ಬಂದೆರಗಿದ ಒಂದು ವಿಷಯವನ್ನು. ಒಂದೇ ಆಗಿದ್ದ ನ್ಯಾಯಾಲಯ, ಒಂದೇ ಆಗಿದ್ದ ಪೊಲೀಸು ಪಡೆ, ಒಂದೇ ಆಗಿದ್ದ ಸರ್ಕಾರಿ ದಫ್ತರ ಇವು ಎರಡಾದಾಗ ಏನಾಯಿತು? ಗಡಿಯ ಒಂದು ಕಡೆ ಹೊರಡಿಸಿದ ದಸ್ತಗಿರಿ ವಾರಂಟಿಗೆ ಮತ್ತೊಂದು ಕಡೆ ಯಾವ ಬೆಲೆ ಉಳಿಯಿತು?

1920ರ ಶಾಸನವು ಅಧಿಕಾರಗಳನ್ನು ಮೂರು ತೆರನಾಗಿ ಹಂಚಿತು. ಯುದ್ಧ, ವಿದೇಶ ವ್ಯವಹಾರ ಮೊದಲಾದವನ್ನು ಹೊಸ ಪಾರ್ಲಿಮೆಂಟುಗಳ ಕೈಗೆ ಸಿಗದಂತೆ ಹೊರಗಿಟ್ಟಿತು. ಅಂಚೆ, ಉಚ್ಚ ನ್ಯಾಯಾಲಯಗಳು ಮುಂತಾದವನ್ನು ಲಂಡನ್ನಿನಲ್ಲಿಯೇ ಕಾಯ್ದಿರಿಸಿತು. ಮಿಕ್ಕವೆಲ್ಲ ವರ್ಗಾಯಿತ ವಿಷಯಗಳಾದವು. ನಮ್ಮ ವಿದ್ಯಾರ್ಥಿಗಳಿಗೆ ಈ ಪರಿಭಾಷೆ ಅಪರಿಚಿತವಾದುದಲ್ಲ. 1919ರ ಭಾರತ ಸರ್ಕಾರದ ಶಾಸನದಡಿಯಲ್ಲಿ ಧಾರವಾಡ, ಬೆಳಗಾವಿ, ಮಂಗಳೂರುಗಳ ಜನರು ಇದೇ ಹೆಸರಿನ ವಿಂಗಡಣೆಯನ್ನು ಅನುಭವಿಸಿದ್ದರು. ಆದರೆ ಹೆಸರಿನ ಸಾಮ್ಯಕ್ಕೆ ಮರುಳಾಗಬಾರದು. ಮುಂಬಯಿ, ಮದರಾಸುಗಳಲ್ಲಿ ಕಾಯ್ದಿರಿಸಿದ ವಿಷಯಗಳು ಪ್ರಾಂತದಲ್ಲಿಯೇ ಉಳಿದು ಗವರ್ನರನ ಕಾರ್ಯಾಂಗ ಸಭೆಯ ವಶದಲ್ಲಿದ್ದವು. ಐರ್ಲೆಂಡಿನಲ್ಲಿಯಾದರೋ ಅವು ಲಂಡನ್ನಿನ ಪಾರ್ಲಿಮೆಂಟಿನ ಕೈಬಿಡಲಿಲ್ಲ.

ನ್ಯಾಯಾಲಯಗಳ ವಿಚಾರದಲ್ಲಿ ಶಾಸನಕಾರರು ಮಾಡಿದ ಏರ್ಪಾಡು ಸ್ವಾರಸ್ಯವಾಗಿದೆ. ಡಬ್ಲಿನ್ನಿನಲ್ಲಿದ್ದ ಐರ್ಲೆಂಡಿನ ಸುಪ್ರೀಂ ಕೋರ್ಟನ್ನು ರದ್ದುಗೊಳಿಸಿ, ಉತ್ತರಕ್ಕೊಂದು ದಕ್ಷಿಣಕ್ಕೊಂದು ಸುಪ್ರೀಂ ಕೋರ್ಟನ್ನು ಸ್ಥಾಪಿಸಲಾಯಿತು. ಒಂದೊಂದರಲ್ಲಿಯೂ ಒಂದು ಹೈಕೋರ್ಟು, ಒಂದು ಅಪೀಲು ಕೋರ್ಟು. ಇವೆರಡರ ಮೇಲೆ, ಇಡೀ ದ್ವೀಪಕ್ಕೆ ಅನ್ವಯಿಸುವಂತೆ, ಐರ್ಲೆಂಡಿನ ಉಚ್ಚ ಅಪೀಲು ಕೋರ್ಟು ಎಂಬ ಮೂರನೆಯ ಸಂಸ್ಥೆ. ಒಡೆದ ಮನೆಗೆ ಒಂದೇ ಸೂರನ್ನು ಉಳಿಸಬೇಕೆಂಬ ಆಸೆ ಇದರಲ್ಲಿ ಸ್ಪಷ್ಟವಾಗಿದೆ. 1921ರ ಅಕ್ಟೋಬರ್ 1ರಂದು ಈ ವ್ಯವಸ್ಥೆ ಜಾರಿಗೆ ಬಂದಿತು. ಡೆನಿಸ್ ಹೆನ್ರಿ ಎಂಬ ಕೆಥೊಲಿಕ್ ನ್ಯಾಯವಾದಿಯು ಉತ್ತರ ಐರ್ಲೆಂಡಿನ ಮೊದಲ ಮುಖ್ಯ ನ್ಯಾಯಾಧೀಶನಾದನು. ದಕ್ಷಿಣ ಐರ್ಲೆಂಡಿನ ಪಾರ್ಲಿಮೆಂಟು ಹೆಸರಿಗೆ ಮಾತ್ರ ಹುಟ್ಟಿತು. ಅದರ ಕೆಳಮನೆಯ 128 ಸ್ಥಾನಗಳ ಪೈಕಿ 124ನ್ನು ಗೆದ್ದಿದ್ದ ಸಿನ್ ಫೇನ್ ಪಕ್ಷದವರು ಅತ್ತ ತಲೆಹಾಕಲೂ ಇಲ್ಲ. ಶಾಸಕಾಂಗ ನಡೆಯಲಿಲ್ಲ; ಆದರೆ ಅದೇ ಶಾಸನದಿಂದ ಹುಟ್ಟಿದ ನ್ಯಾಯಾಲಯ 1924ರವರೆಗೆ ನಡೆಯಿತು! ಉಚ್ಚ ಅಪೀಲು ಕೋರ್ಟಿನ ಆಯುಷ್ಯವಾದರೋ ಒಂದು ವರ್ಷದಷ್ಟು ಮಾತ್ರ. 1921ರ ಡಿಸೆಂಬರ್ 6ರ ಒಪ್ಪಂದದಂತೆ ಐರಿಷ್ ಸ್ವತಂತ್ರ ರಾಜ್ಯವು 1922ರ ಡಿಸೆಂಬರ್‌ನಲ್ಲಿ ಅಸ್ತಿತ್ವಕ್ಕೆ ಬಂದೊಡನೆ, ಬ್ರಿಟಿಷ್ ಪಾರ್ಲಿಮೆಂಟಿನ ಅನುಷಂಗಿಕ ಶಾಸನವೊಂದು ಅದನ್ನು ಅಳಿಸಿಹಾಕಿತು.

ಇಲಾಖೆಗಳ ವರ್ಗಾವಣೆ ಇನ್ನೂ ಪ್ರಯಾಸದ್ದಾಗಿತ್ತು. ಐರ್ಲೆಂಡಿನ ಆಡಳಿತವೆಲ್ಲ ಡಬ್ಲಿನ್ನಿನಲ್ಲಿ ನೆಲೆಸಿತ್ತು. ಬೆಲ್‌ಫಾಸ್ಟಿನಲ್ಲಿ ಜೇಮ್ಸ್ ಕ್ರೇಗನ ಮಂತ್ರಿಮಂಡಲ 1921ರ ಜೂನ್‌ನಲ್ಲಿ ರಚಿತವಾದಾಗ ಮಂತ್ರಿಗಳಿದ್ದರೇ ಹೊರತು ಕಾರ್ಯಭಾರ ಅವರ ಕೈಗೆ ಬಂದಿರಲಿಲ್ಲ. ಶಾಂತಿಪಾಲನೆಯ ಅಧಿಕಾರವು ಆ ವರ್ಷದ ನವೆಂಬರ್ 22ರಂದು ಹಸ್ತಾಂತರವಾಯಿತು. ಇತರ ಇಲಾಖೆಗಳು ಅನಂತರ ಒಂದೊಂದಾಗಿ ಬಂದವು. ಅಧಿಕಾರ ಬಂದರೂ ಕಡತಗಳು ಬರಬೇಕಲ್ಲವೆ? 1922ರ ಜೂನ್ 30ರಂದು ಅಂತರ್ಯುದ್ಧದ ಆರಂಭದಲ್ಲಿ ಡಬ್ಲಿನ್ನಿನ ‘ನಾಲ್ಕು ನ್ಯಾಯಾಲಯ’ಗಳ ಕಟ್ಟಡ ಸ್ಫೋಟಗೊಂಡು, ಪಕ್ಕದ ಸಾರ್ವಜನಿಕ ದಾಖಲೆಗಳ ಭಂಡಾರ ಸುಟ್ಟುಹೋಯಿತು. ಶತಮಾನಗಳ ಉಯಿಲುಗಳು, ಜನಗಣತಿಯ ಪತ್ರಗಳು, ನ್ಯಾಯಾಲಯದ ದಾಖಲೆಗಳು ಅದರಲ್ಲಿ ಹೋದವು. ನಷ್ಟ ಉತ್ತರದವರಿಗೂ ದಕ್ಷಿಣದವರಿಗೂ ಸಮನಾಗಿಯೇ ತಟ್ಟಿತು. ಉತ್ತರವು 1923ರಲ್ಲಿ ತನ್ನದೇ ಆದ ದಾಖಲೆಗಳ ಕಚೇರಿಯನ್ನು ಸ್ಥಾಪಿಸಿದಾಗ ಅದರ ಮುಖ್ಯಸ್ಥನಾದ ಡಿ. ಎ. ಚಾರ್ಟನು ವಕೀಲರ ಕಚೇರಿಗಳನ್ನೂ ಹಳೆಯ ಮನೆತನಗಳನ್ನೂ ಸಂಪರ್ಕಿಸಿ, ಅಲ್ಲಿ ಉಳಿದಿದ್ದ ನಕಲುಗಳನ್ನು ಕೂಡಿಹಾಕಬೇಕಾಯಿತು. ಇತಿಹಾಸ ವಿಭಾಗಗಳಲ್ಲಿ ಕೆಲಸ ಮಾಡುವ ನಮಗೆ ಆತನ ಹೆಸರು ಮಂತ್ರಿಗಳ ಹೆಸರಿಗಿಂತ ಹೆಚ್ಚು ಗೌರವಾರ್ಹವಾಗಿ ತೋರಿದರೆ ಅದು ಕ್ಷಮ್ಯ.

ಇನ್ನು ವಾರಂಟುಗಳ ವಿಷಯ. 1801ರಿಂದ ಇಂಗ್ಲೆಂಡು, ಐರ್ಲೆಂಡುಗಳು ಒಂದೇ ರಾಜ್ಯವಾಗಿದ್ದ ಕಾಲದಲ್ಲಿ, 1851ರ ಪೆಟ್ಟಿ ಸೆಷನ್ಸ್ ಶಾಸನವು ಒಂದು ಸುಲಭ ಮಾರ್ಗವನ್ನು ಹಾಕಿಕೊಟ್ಟಿತ್ತು. ಇಂಗ್ಲೆಂಡಿನ ವಾರಂಟು ಐರ್ಲೆಂಡಿಗೆ ಬಂದರೆ ಅಲ್ಲಿನ ಪೊಲೀಸು ಪಡೆಯ ಮೇಲಧಿಕಾರಿ ಅದರ ಬೆನ್ನ ಮೇಲೆ ಸಹಿ ಹಾಕುವನು. ಅಷ್ಟರಿಂದ ಅದು ಅಲ್ಲಿಯ ವಾರಂಟೇ ಆಗುವುದು. ಹಿಡಿದವನನ್ನು ಒಪ್ಪಿಸುವ ಮುನ್ನ ನ್ಯಾಯಾಧೀಶನ ವಿಚಾರಣೆ ಬೇಕಿರಲಿಲ್ಲ. ಒಂದೇ ರಾಜ್ಯದೊಳಗೆ ಇದರಲ್ಲಿ ಅಷ್ಟೇನೂ ಅಪಾಯವಿರಲಿಲ್ಲ. ಆದರೆ ಸ್ವತಂತ್ರ ರಾಜ್ಯವಾದ ಮೇಲೂ ಎರಡು ಕಡೆಯವರೂ ಹಳೆಯ ಶಾಸನಗಳನ್ನು ಅಳವಡಿಸಿಕೊಂಡು ಇದನ್ನೇ ಮುಂದುವರಿಸಿದರು. 1922ರಲ್ಲಿ ವಿಸರ್ಜಿತವಾದ ರಾಯಲ್ ಐರಿಷ್ ಕಾನ್‌ಸ್ಟ್ಯಾಬ್ಯುಲರಿಯ ಅಧಿಕಾರಿಯ ಸ್ಥಾನದಲ್ಲಿ ಹೊಸ ಗಾರ್ಡಾ ಪಡೆಯ ಅಧಿಕಾರಿ ಸಹಿ ಹಾಕತೊಡಗಿದನು.

ಇಲ್ಲಿ ಒಂದು ವಿಚಿತ್ರ ಫಲಿತಾಂಶ ಉಂಟಾಯಿತು. 1851ರ ಶಾಸನವು ಐರ್ಲೆಂಡನ್ನು ಅಖಂಡವೆಂದು ಭಾವಿಸಿ ರಚಿತವಾದುದರಿಂದ, ದ್ವೀಪದೊಳಗೇ ಒಂದು ಗಡಿಯನ್ನು ದಾಟುವ ವಾರಂಟಿಗೆ ಅದರಲ್ಲಿ ಕಲಮು ಇರಲಿಲ್ಲ. ಬೆಲ್‌ಫಾಸ್ಟಿನ ವಾರಂಟಿಗೆ ಈ ಶಾಸನದ ಆಧಾರವಿಲ್ಲವೆಂದು 1929ರಲ್ಲಿ ಡಬ್ಲಿನ್ನಿನ ನ್ಯಾಯಾಲಯ ತೀರ್ಮಾನಿಸಿತು. ಹೀಗೆ ಡಬ್ಲಿನ್ನಿನಿಂದ ಕಡಲಾಚೆಯ ಲಂಡನ್ನಿಗೆ ಆಪಾದಿತನನ್ನು ಕಳುಹಿಸುವುದು ಸುಲಭವಾಗಿದ್ದು, ಸುಮಾರು 500 ಕಿಲೋಮೀಟರು ಉದ್ದದ ಭೂಗಡಿಯಾಚೆಗೆ ಒಪ್ಪಿಸುವುದು ಮಾತ್ರ ಶಾಸನಬದ್ಧವಾಗಿ ಅಸಾಧ್ಯವಾಯಿತು. ಈ ಸ್ಥಿತಿ 1965ರವರೆಗೂ ನಡೆಯಿತು.

ವ್ಯವಸ್ಥೆ ಕುಸಿದದ್ದು 1964ರಲ್ಲಿ. ಇಂಗ್ಲೆಂಡಿನ ವಾರಂಟಿನ ಮೇಲೆ ಡಬ್ಲಿನ್ನಿನಲ್ಲಿ ಬಂಧಿತನಾಗಿದ್ದ ಒಬ್ಬನು ಹೈಕೋರ್ಟಿಗೆ ಮೊರೆಯಿಟ್ಟನು. ವಾರಂಟು ದೋಷಯುಕ್ತವೆಂದು ಕಂಡುಬಂದು ಆತನ ಬಿಡುಗಡೆಯಾಯಿತು. ಆದರೆ ಪೊಲೀಸರು ಎರಡನೆಯ ವಾರಂಟನ್ನು ಮೊದಲೇ ಸಿದ್ಧಪಡಿಸಿಕೊಂಡು ಕಾದಿದ್ದರು. ಬಿಡುಗಡೆಯಾದವನನ್ನು ಆ ಕ್ಷಣವೇ ಹಿಡಿದು, ವಕೀಲರು ಮತ್ತೆ ನ್ಯಾಯಾಲಯಕ್ಕೆ ಹೋಗಲು ಅವಕಾಶವಿಲ್ಲದಂತೆ, ಕಾರಿನಲ್ಲಿ ಗಡಿ ದಾಟಿಸಿ ಇಂಗ್ಲೆಂಡಿನ ಪೊಲೀಸರಿಗೆ ಒಪ್ಪಿಸಿದರು. ಮುಖ್ಯ ನ್ಯಾಯಾಧೀಶ ಕಾರೊಲ್ ಓ ಡಾಲಿ ಅವರಿದ್ದ ಸುಪ್ರೀಂ ಕೋರ್ಟು ಜುಲೈ 31ರಂದು ಕೊಟ್ಟ ತೀರ್ಪಿನಲ್ಲಿ ಇದನ್ನು ನ್ಯಾಯಾಲಯವನ್ನೇ ಬದಿಗೊತ್ತುವ ಹವಣಿಕೆಯೆಂದು ಬಗೆದು, ಪೊಲೀಸು ಅಧಿಕಾರಿಗಳು ನ್ಯಾಯಾಲಯ ನಿಂದನೆಯ ದೋಷಿಗಳೆಂದು ಸಾರಿತು. 1851ರ ಆ ಕಲಮು 1937ರ ಸಂವಿಧಾನಕ್ಕೆ ವಿರುದ್ಧವೆಂದು ತೆಗೆದುಹಾಕಿತು. ದಸ್ತಗಿರಿಯಾದವನಿಗೆ ಹೇಬಿಯಸ್ ಕಾರ್ಪಸ್ ಹಕ್ಕು ಕಾಗದದ ಮೇಲಿದ್ದರೆ ಸಾಲದು, ಅದನ್ನು ಚಲಾಯಿಸುವಷ್ಟು ಹೊತ್ತಾದರೂ ಆತನು ದೇಶದೊಳಗಿರಬೇಕಷ್ಟೆ. ಆಶ್ಚರ್ಯವೆಂದರೆ, ಐರಿಷ್ ವಾರಂಟನ್ನು ಇಂಗ್ಲೆಂಡಿನಲ್ಲಿ ಜಾರಿಗೊಳಿಸಲು ಹಳೆಯ ಶಾಸನಗಳ ಆಧಾರ ಸಾಲದೆಂದು ಅದೇ ವರ್ಷ ಲಂಡನ್ನಿನ ಲಾರ್ಡ್ಸ್ ಸಭೆಯೂ ತೀರ್ಪಿತ್ತಿತು. ನಲವತ್ತು ವರ್ಷಗಳಿಗೂ ಮೀರಿ ಎರಡು ಸರ್ಕಾರಗಳು ನಂಬಿ ನಡೆದ ಸೇತುವೆ ಎರಡು ತುದಿಗಳಲ್ಲಿಯೂ ಒಮ್ಮೆಗೇ ಮುರಿಯಿತು.

ತರುವಾಯ 1965ರಲ್ಲಿ ಡಬ್ಲಿನ್ ತನ್ನ ಅಪರಾಧಿ ಹಸ್ತಾಂತರ ಶಾಸನದ ಮೂರನೆಯ ಭಾಗದಲ್ಲಿಯೂ, ಲಂಡನ್ ಪ್ರತ್ಯೇಕ ಶಾಸನವೊಂದರಲ್ಲಿಯೂ ಹೊಸ ಕ್ರಮವನ್ನು ವಿಧಿಸಿದವು. ಬಂಧಿತನನ್ನು ನ್ಯಾಯಾಧೀಶನೆದುರು ತರಬೇಕು, ಮೊರೆಯಿಡಲು ಆತನಿಗೆ ಕಾಲಾವಕಾಶ ಕೊಡಬೇಕು, ರಾಜಕೀಯ ಅಪರಾಧಕ್ಕಾಗಿ ಯಾರನ್ನೂ ಒಪ್ಪಿಸಕೂಡದು. ಉತ್ತರ ಐರ್ಲೆಂಡೂ ಈ ಕ್ರಮದೊಳಕ್ಕೆ ಬಂದಿತು. 1969ರಿಂದೀಚೆಗೆ ಉತ್ತರದಲ್ಲಿ ರಕ್ತಪಾತ ಹೆಚ್ಚಿದಾಗ ರಾಜಕೀಯ ಅಪರಾಧದ ವಿನಾಯಿತಿಯೇ ದೊಡ್ಡ ವಿವಾದವಾಯಿತು. ಒಪ್ಪಿಸಲಾಗದವನನ್ನು ಸಿಕ್ಕಿದಲ್ಲಿಯೇ ವಿಚಾರಿಸಬಹುದೆಂದು 1975ರಲ್ಲಿ ಲಂಡನ್, 1976ರಲ್ಲಿ ಡಬ್ಲಿನ್ ಶಾಸನ ಮಾಡಿದವು. ಡಬ್ಲಿನ್ನಿನ ಮಸೂದೆಯನ್ನು ಅಂಕಿತಕ್ಕೆ ಮುನ್ನ ಸುಪ್ರೀಂ ಕೋರ್ಟಿನ ಪರಿಶೀಲನೆಗೆ ಕಳುಹಿಸಿದ ರಾಷ್ಟ್ರಾಧ್ಯಕ್ಷರು ಬೇರೆ ಯಾರೂ ಅಲ್ಲ, 1964ರ ಮುಖ್ಯ ನ್ಯಾಯಾಧೀಶ ಓ ಡಾಲಿ ಅವರೇ. ಕೋರ್ಟು ಅದನ್ನು ಎತ್ತಿಹಿಡಿಯಿತು.

1972ರಲ್ಲಿ ಉತ್ತರದ ಪಾರ್ಲಿಮೆಂಟನ್ನು ನಿಲ್ಲಿಸಿದಾಗ ಲಂಡನ್ನಿಗೆ ಹಿಂದಿರುಗಿದ ಪೊಲೀಸು ಮತ್ತು ನ್ಯಾಯ ಕಾರ್ಯಭಾರವು 2010ರ ಏಪ್ರಿಲ್ 12ರಂದು ಬೆಲ್‌ಫಾಸ್ಟಿನ ಶಾಸನಸಭೆಗೆ ಮತ್ತೆ ವರ್ಗವಾಯಿತು. 1965ರ ಏರ್ಪಾಡಿನ ಸ್ಥಾನದಲ್ಲಿ 2004ರಿಂದ ಯುರೋಪಿನ ಬಂಧನ ವಾರಂಟು ಬಂದಿತು. ಬ್ರಿಟನ್ ಯುರೋಪಿನ ಒಕ್ಕೂಟವನ್ನು ತೊರೆದ ಮೇಲೆ 2021ರಿಂದ ವ್ಯಾಪಾರ ಮತ್ತು ಸಹಕಾರ ಒಪ್ಪಂದದ ನಿಯಮಗಳು ಅನ್ವಯಿಸುತ್ತಿವೆ. ಬೆಲ್‌ಫಾಸ್ಟಿನಿಂದಲೋ ಲಂಡನ್ನಿನಿಂದಲೋ ಡಬ್ಲಿನ್ನಿಗೆ ಬರುವ ವಾರಂಟಿಗೆ ಈಗಲೂ ಮೇಲುರುಜು ಬೇಕು. ಅದನ್ನು ಹಾಕತಕ್ಕದ್ದು ಹೈಕೋರ್ಟು.