ಉಪ್ಪಿನಲ್ಲಿ ಕೂಡಿಟ್ಟ ಬಿಸಿಲು

ಮಾವಿನಕಾಯಿ ಸಿಗುವ ಕಾಲದಲ್ಲಿ ಉಪ್ಪಿಗೆ ಹಾಕಿಟ್ಟು, ಸಿಗದ ಕಾಲದಲ್ಲಿ ಭರಣಿಯಿಂದ ತೆಗೆದುಕೊಳ್ಳುವುದು ನಮ್ಮ ಮನೆಗಳ ಹಳೆಯ ರೂಢಿ. ಹಗಲಿನ ಬಿಸಿಲನ್ನೂ ಹೀಗೆ ಉಪ್ಪಿನಲ್ಲಿ ಕೂಡಿಟ್ಟು ರಾತ್ರಿ ವಿದ್ಯುತ್ತಾಗಿ ಪಡೆಯಬಹುದೆಂದು ತೋರಿಸಿ ಕಾಲು ಶತಮಾನ ಕಳೆದಿದೆ. ಆದರೂ ಆ ವಿದ್ಯೆ ಇನ್ನೂ ಮನೆಮಾತಾಗಿಲ್ಲ. ಏಕೆಂಬುದನ್ನು ವಾಚಕರೊಡನೆ ನೋಡೋಣ.

ಇದು ಅಡಿಗೆಯ ಉಪ್ಪಲ್ಲ. ನೂರಕ್ಕೆ 60 ಪಾಲು ಸೋಡಿಯಂ ನೈಟ್ರೇಟ್, 40 ಪಾಲು ಪೊಟ್ಯಾಸಿಯಂ ನೈಟ್ರೇಟ್. ಎರಡನೆಯದು ಪಟಾಕಿಯವರು ಬಲ್ಲ ಪೆಟ್ಲುಪ್ಪೇ. ಈ ಮಿಶ್ರಣ ಸುಮಾರು 240 ಡಿಗ್ರಿಯೊಳಗೆ ಕರಗಿ ನೀರಿನಂತೆ ಹರಿಯುತ್ತದೆ. 290 ಡಿಗ್ರಿಯ ಉಪ್ಪನ್ನು ಗೋಪುರದ ತುದಿಗೆ ಏರಿಸುತ್ತಾರೆ. ಸುತ್ತಲಿನ ಕನ್ನಡಿಗಳೆಲ್ಲ ಅಲ್ಲಿಗೇ ಬಿಸಿಲು ಹಾಯಿಸಿದಾಗ ಅದು 565 ಡಿಗ್ರಿಗೆ ಕಾದು ಕೆಳಗಿನ ಟ್ಯಾಂಕಿಗೆ ಇಳಿಯುತ್ತದೆ. ಬೇಕಾದಾಗ ಅದರ ಶಾಖದಿಂದ ನೀರನ್ನು ಆವಿಮಾಡಿ ಟರ್ಬೈನು ತಿರುಗಿಸಿದರಾಯಿತು. ಭಯವಿರುವುದು ಒಂದೇ: ಕೊಳವೆಯಲ್ಲಿ ತಣಿದರೆ ಉಪ್ಪು ಕಲ್ಲಾಗಿಬಿಡುತ್ತದೆ.

ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿ 1982ರಲ್ಲಿ ‘ಸೋಲಾರ್ ಒನ್’ ಎಂಬ 10 ಮೆಗಾವಾಟ್ ಸ್ಥಾವರ ಆರಂಭವಾಯಿತು. ಗೋಪುರದಲ್ಲೇ ನೀರು ಕುದಿಯುತ್ತಿತ್ತು. ಮೋಡ ಅಡ್ಡ ಬಂದರೆ ಆವಿಯೂ ಕುಗ್ಗುತ್ತಿತ್ತು. ಅದೇ ಗೋಪುರಕ್ಕೆ ಉಪ್ಪಿನ ಏರ್ಪಾಟು ಮಾಡಿ ‘ಸೋಲಾರ್ ಟೂ’ ಎಂದರು. 1996ರಿಂದ 1999ರವರೆಗೆ ಅದು ನಡೆಯಿತು. ಒಮ್ಮೆಯಂತೂ ಹಗಲಿರುಳೆನ್ನದೆ ಆರು ದಿನ ಮೀರಿ ವಿದ್ಯುತ್ ಕೊಟ್ಟಿತು! ಟ್ಯಾಂಕಿಗೆ ಹಾಕಿದ ಶಾಖದಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಪಾಲು ಮರಳಿ ಸಿಕ್ಕಿತು. ಪ್ರಯೋಗ ಗೆದ್ದಿತು, ಸ್ಥಾವರವನ್ನು ಮಾತ್ರ ಮುಚ್ಚಿದರು. 2009ರಲ್ಲಿ ಗೋಪುರವನ್ನೂ ಕೆಡವಿದರು.

ಅದೇ ವರ್ಷ ಸ್ಪೇನಿನಲ್ಲಿ ‘ಆಂದಸೋಲ್–1’ ಉದ್ಘಾಟನೆಯಾಯಿತು. 28,500 ಟನ್ ಉಪ್ಪು, ಏಳೂವರೆ ಗಂಟೆಯ ಸಂಗ್ರಹ. ಅಲ್ಲಿನ ಸರಕಾರ ಸೂರ್ಯವಿದ್ಯುತ್ತಿಗೆ ಖಾತರಿಯ ದರ ಗೊತ್ತುಮಾಡಿದ್ದರಿಂದಲೇ ಇದು ಸಾಧ್ಯವಾಯಿತೆಂದು ನಮ್ಮ ಎಣಿಕೆ. 2011ರ ‘ಹೆಮಾಸೋಲಾರ್’ 15 ಗಂಟೆಯ ಶಾಖ ಕೂಡಿಟ್ಟಿತು. 2013ರಲ್ಲಿ 36 ದಿನ ಎಡೆಬಿಡದೆ ನಡೆಯಿತು.

ಅಮೆರಿಕ ಮತ್ತೆ ಕೈಹಾಕಿದ್ದು ನೆವಾಡದ ‘ಕ್ರೆಸೆಂಟ್ ಡ್ಯೂನ್ಸ್’ನಲ್ಲಿ. 110 ಮೆಗಾವಾಟ್, ಹತ್ತು ಗಂಟೆಯ ಸಂಗ್ರಹ. ಸರಕಾರವೇ 73 ಕೋಟಿ 70 ಲಕ್ಷ ಡಾಲರ್ ಸಾಲಕ್ಕೆ ಜಾಮೀನು ನಿಂತಿತ್ತು. 2015ರಲ್ಲಿ ವಿದ್ಯುತ್ ಬಂತು, 2016ರಲ್ಲಿ ಬಿಸಿ ಉಪ್ಪಿನ ಟ್ಯಾಂಕು ಸೋರಿತು. ತಿಂಗಳುಗಟ್ಟಲೆ ಕೆಲಸ ನಿಂತಿತು. 2020ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಉಪ್ಪು ಕೆಟ್ಟಿರಲಿಲ್ಲ, ಕೆಟ್ಟದ್ದು ಪಾತ್ರೆ. ಅಷ್ಟರಲ್ಲಿ ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿಸುವ ಫಲಕಗಳ ಬೆಲೆ ಪಾತಾಳಕ್ಕೆ ಇಳಿದಿತ್ತು.

ನಮ್ಮ ಪಾವಗಡದಲ್ಲಿ ಸುಮಾರು 2,000 ಮೆಗಾವಾಟ್ ತಯಾರಾಗುವುದು ಇಂಥ ಫಲಕಗಳಿಂದಲೇ. ಆದರೆ ಊರಿನ ದೀಪ ಹತ್ತುವ ಹೊತ್ತಿಗೆ ಫಲಕ ಮಲಗಿರುತ್ತದೆ. ಆದ್ದರಿಂದ ಉಪ್ಪಿನ ಮಾತು ಬೇರೆ ರೂಪದಲ್ಲಿ ಮತ್ತೆ ಬಂದಿದೆ: ಹಗಲು ಮಿಕ್ಕ ವಿದ್ಯುತ್ತಿನಿಂದಲೇ, ಬಚ್ಚಲುಮನೆಯ ಹೀಟರಿನಂತೆ, ಉಪ್ಪನ್ನು ಕಾಯಿಸುವುದು. ಹೀಗೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ನಷ್ಟ; ಶಾಖವನ್ನು ವಿದ್ಯುತ್ತಾಗಿಸುವಾಗಿನ ಸುಂಕ ತಪ್ಪದು. ಆದರೆ ಮುಚ್ಚಲಿರುವ ಕಲ್ಲಿದ್ದಲು ಸ್ಥಾವರದಲ್ಲಿ ಟರ್ಬೈನು, ತಂತಿ, ನುರಿತ ಕೆಲಸಗಾರರು ಎಲ್ಲ ಇದ್ದೇ ಇರುತ್ತಾರೆ. ಈ ನೈಟ್ರೇಟ್ ಉಪ್ಪನ್ನು ಅಗೆದು ಮಾರುವ ಚಿಲಿ ದೇಶದಲ್ಲೇ ಅಂಥ ಸ್ಥಾವರಗಳನ್ನು ಪರಿವರ್ತಿಸುವ ಯೋಜನೆ ಹಾಕಿದ್ದಾರೆ. ಕೆಲಸ ಕಳೆದುಕೊಳ್ಳುವುದು ಬಾಯ್ಲರು ಮಾತ್ರ.