ಸಾಯದ ಆಟಗಳ ಮರುಹುಟ್ಟು

2020ರ ಜೂನ್ 28ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ನರೇಂದ್ರ ಮೋದಿ ಮನೆಯೊಳಗೆ ಕೂತು ಆಡುವ ಹಳೆಯ ಆಟಗಳ ಮಾತು ತೆಗೆದರು. ತಮಿಳುನಾಡಿನ ಪಲ್ಲಾಂಗುಳಿ, ಕರ್ನಾಟಕದ ಅಳಗುಳಿ ಮಣೆ, ಆಂಧ್ರದ ವಾಮನಗುಂಟಲು ಇವೆಲ್ಲ ಒಂದೇ ಆಟದ ಬೇರೆ ಬೇರೆ ಹೆಸರುಗಳು ಎಂದೂ ಹೇಳಿದರು. ಲಾಕ್‌ಡೌನ್‌ನಿಂದ ಜನ ಮನೆಯಲ್ಲೇ ಕೂತಿದ್ದ ಕಾಲ ಅದು. ಅದಕ್ಕೆ ಮೊದಲೂ ಆಮೇಲೂ ಪತ್ರಿಕೆಗಳ ಪುರವಣಿಗಳಲ್ಲಿ, ಟೀವಿ ವಾಹಿನಿಗಳಲ್ಲಿ ಚೌಕಾಬಾರ, ಹುಲಿ-ಕುರಿ, ಅಳಗುಳಿ ಮಣೆಗಳಿಗೆ ‘ಮರುಹುಟ್ಟು’ ಬಂದಿದೆ ಎಂಬ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ. ಆ ಸುದ್ದಿ ಹೇಳುವ ಕಥೆಗೆ ಮೂರು ಘಟ್ಟ: ಈ ಆಟಗಳು ಒಂದು ಕಾಲಕ್ಕೆ ಇದ್ದವು, ಆಮೇಲೆ ಸತ್ತವು, ಈಗ ಯಾರೋ ಅವನ್ನು ಎಬ್ಬಿಸಿದ್ದಾರೆ. ತುಮಕೂರು ಜಿಲ್ಲೆಯ ಉತ್ತರಕ್ಕಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕಡೆಯಿಂದ ನೋಡಿದರೆ ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ ಒಪ್ಪಬಹುದು. ಸತ್ತದ್ದೂ ಎದ್ದದ್ದೂ ಪೇಟೆಯ ಲೆಕ್ಕ. ಹಳ್ಳಿಯಲ್ಲಿ ನಡೆದದ್ದು ಬೇರೆಯೇ, ಅದನ್ನು ಬೇರೆಯಾಗಿಯೇ ವಿವರಿಸಬೇಕು.

ಸುದ್ದಿ ಎಲ್ಲಿ ಎಡವುತ್ತದೆ ಎಂದು ತಿಳಿಯಲು ಮೊದಲು ಈ ಆಟಗಳಿಗೆ ಬೇಕಾದ ಸಾಮಾನು ನೋಡಬೇಕು. ಚೌಕಾಬಾರಕ್ಕೆ ಅಡ್ಡ ಆರು, ಉದ್ದ ಆರು ಗೆರೆ ಎಳೆದರೆ ಇಪ್ಪತ್ತೈದು ಮನೆಯ ಪಟ ಸಿದ್ಧ. ಗೆರೆ ಎಳೆಯಲು ಇದ್ದಿಲು ಅಥವಾ ಸೀಮೆಸುಣ್ಣದ ಚೂರು ಸಾಕು. ಒಬ್ಬರ ಕಾಯಿ ಬಳೆಚೂರು, ಇನ್ನೊಬ್ಬರದು ಹಂಚಿನ ಚೂರು, ಮತ್ತೊಬ್ಬರದು ಮುರಿದ ಕಡ್ಡಿ. ಕವಡೆ ಇಲ್ಲದವರು ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಳ್ಳುತ್ತಾರೆ. ಹುಣಸೆ ತೋಪುಗಳ ಈ ಸೀಮೆಯಲ್ಲಿ ಬೀಜಕ್ಕೆಂದೂ ಬರವಿಲ್ಲ. ಹುಲಿ-ಕುರಿ ಆಟಕ್ಕಂತೂ ಬಂಡೆಯೇ ಪಟ, ಬೆಣಚುಕಲ್ಲುಗಳೇ ಕುರಿ. ಅಳಗುಳಿ ಮಣೆಗೆ ಮರದ ಮಣೆ ಇದ್ದರೆ ಚೆಂದ, ಇಲ್ಲದಿದ್ದರೆ ಎರಡು ಸಾಲಿನಲ್ಲಿ ಏಳೇಳು ಗುಳಿ ತೋಡಿದ ನೆಲವೂ ಆಗುತ್ತದೆ. ಹೀಗಾಗಿ ಇವುಗಳಲ್ಲಿ ಮುಕ್ಕಾಲು ಪಾಲು ಯಾವ ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಸೇರಲಿಲ್ಲ. ಮಾರಾಟವೇ ಇಲ್ಲದ ವಸ್ತುವಿನ ಮಾರಾಟ ಬೀಳುವುದಾದರೂ ಹೇಗೆ? ಆದರೂ ಸುದ್ದಿಮನೆಗಳು ಒಂದು ಆಟದ ಜೀವವನ್ನು ಅಳೆಯುವುದು ಮಾರಾಟ, ಮಳಿಗೆ, ಪ್ರದರ್ಶನಗಳಿಂದಲೇ. ಅವು ಕಾಣದಿದ್ದಾಗ ಆಟ ಸತ್ತಂತೆ, ಕಂಡಾಗ ಹುಟ್ಟಿದಂತೆ.

ಚೌಕಾಬಾರವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ನಾಲ್ಕು ಕವಡೆ ಬಿಟ್ಟಾಗ ಎಷ್ಟರ ಬಾಯಿ ಮೇಲಾಗುತ್ತದೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಎರಡೂ ಮಗ್ಗುಲಿಗೆ ಸಮನಾಗಿ ಬೀಳುವ ಕವಡೆಗಳಾದರೆ ಹದಿನಾರು ಸಲಕ್ಕೆ ಒಮ್ಮೆ ಚೌಕ, ಒಮ್ಮೆ ಬಾರ ಬೀಳುವ ನಿರೀಕ್ಷೆ. ತೇಯ್ದ ಬೀಜ ಅಷ್ಟು ನಿಷ್ಪಕ್ಷಪಾತಿಯಲ್ಲ, ಅದರ ಒಲವು ಎತ್ತ ಎಂದು ಆಡಿಯೇ ತಿಳಿಯಬೇಕು. ಕಾಯಿಗಳು ಹೊರಸುತ್ತಿನ ಹದಿನಾರು ಮನೆ ದಾಟಿ, ಒಳಸುತ್ತಿನ ಎಂಟರಲ್ಲಿ ಎದುರು ದಿಕ್ಕಿಗೆ ನಡೆದು, ನಟ್ಟನಡುವಿನ ಮನೆ ಸೇರಿದರೆ ಹಣ್ಣು. ಕಟ್ಟೆ ಎನ್ನುವ ಕಾಪಿನ ಮನೆಯಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ. ಇಷ್ಟು ಬಹುಮಟ್ಟಿಗೆ ಎಲ್ಲ ಕಡೆಗೂ ಒಂದೇ. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದೇ, ಎರಡು ಕಾಯಿ ಜೊತೆಗೂಡಿ ಗಟ್ಟಿಯಾದರೆ ಅವನ್ನು ಒಂಟಿ ಕಾಯಿ ಕಡಿಯಬಹುದೇ, ಮೂರು ಸಲ ಒಂದೇ ಸಮನೆ ಬಾರ ಬಿದ್ದರೆ ಅದು ಲೆಕ್ಕಕ್ಕೋ ಸುಟ್ಟು ಹೋಯಿತೋ ಎಂಬ ಪ್ರಶ್ನೆಗಳಿಗೆ ಊರಿಗೊಂದು, ಕೆಲವೊಮ್ಮೆ ಮನೆಗೊಂದು ಉತ್ತರ. ಆಟ ಶುರುವಾಗುವ ಮೊದಲು ಇವನ್ನು ಮಾತಾಡಿ ಒಪ್ಪಿಕೊಳ್ಳುವುದೇ ಒಂದು ಪದ್ಧತಿ. ಒಬ್ಬ ತಯಾರಕನ ಕೈಯಿಂದ ಹೊರಟ ಆಟವಾಗಿದ್ದರೆ ಇಷ್ಟೊಂದು ಕವಲು ಒಡೆಯುತ್ತಿರಲಿಲ್ಲ. ಬಾಯಿಂದ ಬಾಯಿಗೆ, ಅಜ್ಜಿಯಿಂದ ಮೊಮ್ಮಗಳಿಗೆ, ನೆಂಟಸ್ತಿಕೆಯ ದಾರಿ ಹಿಡಿದು ಊರಿಂದೂರಿಗೆ ಸಾಗಿದ್ದರಿಂದಲೇ ಈ ವೈವಿಧ್ಯ ಬಂದದ್ದು. ಕೊಂಡಿ ಕಳಚಿ ಸತ್ತು ಆಮೇಲೆ ಪುಸ್ತಕ ನೋಡಿ ಎಬ್ಬಿಸಿದ ಆಟದಲ್ಲಿ ಇದು ಉಳಿಯದು.

ಹುಲಿ-ಕುರಿ ಆಟ ಈ ಸೀಮೆಗೆ ಇನ್ನೂ ಹತ್ತಿರದ್ದು. ತ್ರಿಕೋನದಾಕಾರದ ಪಟ, ಇಪ್ಪತ್ಮೂರು ಕೂಡುಬಿಂದು, ಮೂರು ಹುಲಿ, ಹದಿನೈದು ಕುರಿ ಎಂಬುದು ಹೆಚ್ಚು ಬಳಕೆಯ ಲೆಕ್ಕ. ಹುಲಿ ಹಾರಿ ಕುರಿಯನ್ನು ಕಡಿಯುತ್ತದೆ, ಕುರಿಗಳು ಒಟ್ಟುಗೂಡಿ ಹುಲಿಯನ್ನು ಕಟ್ಟಿಹಾಕುತ್ತವೆ. ಎರಡೂ ಪಕ್ಷದ ಬಲ, ನಡೆ, ಗುರಿ ಬೇರೆ ಬೇರೆ. ಇಲ್ಲಿ ಕವಡೆಯಿಲ್ಲ, ಅದೃಷ್ಟದ ಮಾತಿಲ್ಲ. ಕುರಿ ಹಿಡಿದವರು ಅವಸರಪಟ್ಟು ಒಂದು ಕುರಿಯನ್ನು ಒಂಟಿಯಾಗಿ ಬಿಟ್ಟರೆ ಮುಗಿಯಿತು. ಶಿರಾ, ಪಾವಗಡ, ಮಧುಗಿರಿಗಳ ಒಣನೆಲದಲ್ಲಿ ಕುರಿಯೇ ಬಹಳ ಮನೆಗಳ ಬದುಕು. ಗೊಲ್ಲರಹಟ್ಟಿಗಳಲ್ಲಿ, ಕುರುಬರ ಕೇರಿಗಳಲ್ಲಿ ರೊಪ್ಪಕ್ಕೆ ಬಿದ್ದ ಚಿರತೆಯ ಸುದ್ದಿ ಕಥೆಯಲ್ಲ, ನಷ್ಟದ ಲೆಕ್ಕ. ಹಾಗೆಂದು ಈ ಆಟ ಇಲ್ಲೇ ಹುಟ್ಟಿತು ಎಂದರೆ ತಪ್ಪಾದೀತು. ತಮಿಳರಲ್ಲಿ ಆಡು-ಹುಲಿ, ತೆಲುಗರಲ್ಲಿ ಪುಲಿ-ಮೇಕ, ನೇಪಾಳದಲ್ಲಿ ನಾಲ್ಕು ಹುಲಿ ಇಪ್ಪತ್ತು ಆಡುಗಳ ಬಾಘ್-ಚಾಲ್ ಇವೆ. ಮೂರು ಕಡೆ ಆಂಧ್ರದ ನೆಲವೇ ಸುತ್ತಿರುವ ಪಾವಗಡದಲ್ಲಿ ಜನ ಎರಡು ಭಾಷೆಯಲ್ಲಿ ಬದುಕುತ್ತಾರೆ, ಇಂಥ ಆಟಗಳಿಗೆ ರಾಜ್ಯದ ಗಡಿ ಲೆಕ್ಕಕ್ಕೆ ಬರುವುದಿಲ್ಲ. ದನ-ಕುರಿಗಳ ಹಿಂದೆ ಅಲೆದ ಜನರೊಂದಿಗೇ ಹಬ್ಬಿದ ಆಟ ಇದಾಗಿರಬೇಕು ಎಂದು ಊಹಿಸಲು ಈ ಹರಹು ಇಂಬು ಕೊಡುತ್ತದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಕಾಗದವಿಲ್ಲ, ಶಾಸನವಿಲ್ಲ, ಆಟ ತಲೆಮಾರುಗಳಿಂದ ನಡೆದುಬಂದಿದೆ ಎನ್ನಲು ಆಧಾರವೇನು? ಶಿರಾದ ಮೊಗಲ್ ಕಾಲಕ್ಕೆ ಸಾಕ್ಷಿಯುಂಟು. 1687ರಿಂದ ಅದು ಮೊಗಲರ ಸುಬಾದ ಕೇಂದ್ರ, 1696ರ ಜುಮ್ಮಾ ಮಸೀದಿ ಇಂದಿಗೂ ನಿಂತಿದೆ. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯಂತೂ ಕಣ್ಣೆದುರಿನ ದಾಖಲೆ. ಆ ಕೋಟೆಯಲ್ಲಿ ಕಾವಲಿದ್ದವರು ಹೊತ್ತು ಹೇಗೆ ಕಳೆದರು ಎಂಬುದು ಮಾತ್ರ ಯಾವ ಬರಹದಲ್ಲೂ ಸಿಗದು. ಆದರೆ ಕನ್ನಡ ನಾಡಿನಲ್ಲಿ ಈ ಆಟಗಳಿಗೆ ಸಾಕ್ಷಿಯೇ ಇಲ್ಲವೆಂದಲ್ಲ. ಹಂಪಿಯ ಮಂಟಪಗಳ ನೆಲದಲ್ಲಿ, ಬಂಡೆಗಳ ಮೇಲೆ ಕೆತ್ತಿದ ಆಟದ ಪಟಗಳನ್ನು ಸಂಶೋಧಕರು ಗುರುತಿಸಿ ದಾಖಲಿಸಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗವನ್ನು ಆಟಗಳಿಗೇ ಮೀಸಲಿಟ್ಟರು. ಇಸ್ಪೀಟಿನಂಥ ಗಂಜೀಫಾ ಆಟದ ಹೊಸ ಬಗೆಯ ಎಲೆಗಳನ್ನು, ಚದುರಂಗದ ಸಮಸ್ಯೆಗಳನ್ನು ಸ್ವತಃ ಕಟ್ಟಿದರು. ಬರೆದಿಟ್ಟ ಆಟ, ಬರೆದಿಡದ ಆಟ ಇವೆರಡರ ಗತಿ ಬೇರೆ ಬೇರೆಯಾದದ್ದು ನಮ್ಮ ವಾದಕ್ಕೆ ಮುಖ್ಯ. ಅರಮನೆಯಲ್ಲಿ ಬರೆದಿಟ್ಟ, ಚಿತ್ರಕಾರರನ್ನು ಕೂರಿಸಿ ಬರೆಸಿದ ಗಂಜೀಫಾ ಆಡುವವರಿಲ್ಲದೆ ಕಲಾವಸ್ತುವಾಗಿ ಸಂಗ್ರಹಾಲಯ ಸೇರಿತು. ಯಾರೂ ಬರೆದಿಡದೆ ನೆಲದ ಮೇಲೆ ಗೀಚಿ ಅಳಿಸುತ್ತ ಬಂದ ಚೌಕಾಬಾರ ಇಪ್ಪತ್ತೊಂದನೆಯ ಶತಮಾನದವರೆಗೂ ಬಂತು. ದಾಖಲೆಯಿಲ್ಲದಿರುವುದು ಸಾವಿನ ಗುರುತಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ‘ಸತ್ತಿತ್ತು’ ಎಂಬ ನಂಬಿಕೆ ಎಲ್ಲಿಂದ ಬಂತು? ಪಗಡೆಯ ಬಳಗದ ಆಟವನ್ನೇ ಸರಳಗೊಳಿಸಿ ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೊ ಎಂದು ಪೇಟೆಂಟ್ ಮಾಡಿಸಿದರು. ಅದು ರಟ್ಟಿನ ಪಟವಾಗಿ ನಮ್ಮ ಅಂಗಡಿಗಳಿಗೆ ಬಂದಾಗ ನಗರದ ಮಧ್ಯಮವರ್ಗದ ಮನೆಗಳು ನೆಲದ ಪಟ ಬಿಟ್ಟು ರಟ್ಟಿನ ಪಟ ಹಿಡಿದವು. ಸುದ್ದಿ ಬರೆಯುವವರಲ್ಲಿ ಬಹುಪಾಲು ಆ ಮನೆಗಳವರೇ, ತಮ್ಮ ಮನೆಯಲ್ಲಿ ಮರೆತದ್ದು ನಾಡೇ ಮರೆತಂತೆ ಅವರಿಗೆ ಕಂಡಿತು. 2002ರಲ್ಲಿ ಚೆನ್ನೈನಲ್ಲಿ ಶುರುವಾದ ‘ಕ್ರೀಡಾ’ ಸಂಸ್ಥೆ ಹಳೆಯ ಆಟಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಲ್ಲಿ ಕಸೂತಿ ಹಾಸು, ಕೆತ್ತಿದ ಮಣೆಗಳನ್ನು ಜನರ ಮುಂದಿಟ್ಟಿತು. 2016ರಲ್ಲಿ ಬಂದ ‘ಲೂಡೊ ಕಿಂಗ್’ 2020ರ ಲಾಕ್‌ಡೌನ್‌ನಲ್ಲಿ ಮೊಬೈಲ್‌ಗಳನ್ನು ತುಂಬಿಕೊಂಡಿತು. ಕೊಳ್ಳುವ ವಸ್ತು ಸಿಕ್ಕಿದ್ದೇ ತಡ, ಸುದ್ದಿಗೆ ಫೋಟೊ ಸಿಕ್ಕಿತು, ಮಾತಾಡಲು ಮಾಲೀಕರು ಸಿಕ್ಕರು, ಮರುಹುಟ್ಟಿಗೊಂದು ತಾರೀಕು ಸಿಕ್ಕಿತು.

ಇದು ನಮ್ಮ ಪತ್ರಿಕೆಗಳದ್ದಷ್ಟೇ ಅಭ್ಯಾಸವೂ ಅಲ್ಲ. ಕಂಪ್ಯೂಟರಿನಲ್ಲಿ ಒಗಟು ಬಿಡಿಸುತ್ತ ಕಥೆ ಮುಂದುವರಿಸುವ ‘ಅಡ್ವೆಂಚರ್’ ಆಟಗಳಿಗೂ ಹೀಗೇ ಆಯಿತು. 1970ರ ದಶಕದ ನಡುವಿನಲ್ಲಿ ‘ಕೊಲೋಸಲ್ ಕೇವ್’ನಿಂದ ಶುರುವಾದ ಈ ಪ್ರಕಾರದಲ್ಲಿ 1998ರ ‘ಗ್ರಿಮ್ ಫಂಡಾಂಗೊ’ ನಿರೀಕ್ಷಿಸಿದಷ್ಟು ಮಾರಾಟವಾಗದೆ ಹೋದ ಮೇಲೆ ಅಮೆರಿಕದ ದೊಡ್ಡ ಕಂಪನಿಗಳು ಹಿಂದೆ ಸರಿದವು, ಪತ್ರಿಕೆಗಳು ಆ ಪ್ರಕಾರ ಸತ್ತಿತೆಂದು ಬರೆದವು. 2012ರಲ್ಲಿ ಡಬಲ್ ಫೈನ್ ಕಂಪನಿ ಅಭಿಮಾನಿಗಳಿಂದ ಮೂವತ್ಮೂರು ಲಕ್ಷ ಡಾಲರಿಗೂ ಹೆಚ್ಚು ವಂತಿಗೆ ಎತ್ತಿದಾಗ, ಅದೇ ವರ್ಷ ‘ದಿ ವಾಕಿಂಗ್ ಡೆಡ್’ ಆಟ ಪ್ರಶಸ್ತಿಗಳನ್ನು ಬಾಚಿದಾಗ, ಅದು ಬದುಕಿ ಬಂತೆಂದು ಮುಖ್ಯವಾಹಿನಿಯ ಮಾಧ್ಯಮಗಳೂ ಬರೆದವು. ನಡುವಿನ ವರ್ಷಗಳಲ್ಲಿ ಹವ್ಯಾಸಿಗಳು ‘ಅಡ್ವೆಂಚರ್ ಗೇಮ್ ಸ್ಟುಡಿಯೊ’ ಎಂಬ ಉಚಿತ ಸಾಧನ ಹಿಡಿದು ಆಟ ಕಟ್ಟುತ್ತಲೇ ಇದ್ದರು, ಜರ್ಮನಿಯ ಕಂಪನಿಗಳು ತಯಾರಿಸಿ ಮಾರುತ್ತಲೇ ಇದ್ದವು. ಸತ್ತದ್ದು ದೊಡ್ಡ ಮಳಿಗೆಯ ಕಪಾಟಿನಲ್ಲಿ ಆ ಪ್ರಕಾರಕ್ಕಿದ್ದ ಜಾಗ ಮಾತ್ರ. ವಂತಿಗೆಯ ಮೊತ್ತ ಕಂಡ ಮೇಲೆಯೇ ಸುದ್ದಿಯವರು ಆಟಗಾರರನ್ನು ಕಂಡರು.

ಇನ್ನೊಂದು ಆಕ್ಷೇಪ, ದಾಖಲೆಯಿಲ್ಲವೆಂಬ ಮೊದಲಿನದಕ್ಕಿಂತ ಗಟ್ಟಿಯಾದದ್ದು. ಹಳ್ಳಿಗಳಲ್ಲೂ ಆಡುವವರು ಕಡಿಮೆಯಾಗಿದ್ದಾರೆ, ಅದನ್ನು ಮುಚ್ಚಿ ‘ಸತ್ತೇ ಇಲ್ಲ’ ಎನ್ನುವುದು ಹಳ್ಳಿಯ ಮೇಲಿನ ಮೋಹ ಎನ್ನಬಹುದು. ಕಡಿಮೆಯಾದದ್ದು ನಿಜ, ಅದನ್ನು ಒಪ್ಪಲೇಬೇಕು. ಆದರೆ ಕಡಿಮೆಯಾದದ್ದು ಯಾಕೆ ಎಂದು ಕೇಳಿದರೆ ಉತ್ತರ ಆಟದೊಳಗೆ ಸಿಗದು. ಮಳೆಯನ್ನೇ ನಂಬಿದ ಕಡಲೇಕಾಯಿ, ರಾಗಿಯ ಬೇಸಾಯದಲ್ಲಿ ಕಣದ ಕೆಲಸ ಮುಗಿದ ಮೇಲೆ ಮುಂದಿನ ಮಳೆಯವರೆಗೆ ಊರಿಗೆ ಊರೇ ಬಿಡುವಾಗುತ್ತಿತ್ತು. ಹೊಂಗೆ ನೆರಳು, ಅರಳಿಕಟ್ಟೆ, ಜಗುಲಿಗಳಲ್ಲಿ ಹಿರಿಯರೂ ಕಿರಿಯರೂ ಒಟ್ಟಿಗೆ ಕೂರುವ ಹೊತ್ತು ಇರುತ್ತಿತ್ತು, ಶಿವರಾತ್ರಿಯ ಜಾಗರಣೆ ಇರುತ್ತಿತ್ತು. ಬೋರ್‌ವೆಲ್ ಬಂದವರಿಗೆ ಆ ಬಿಡುವು ಹೋಯಿತು, ಬೋರ್‌ವೆಲ್ ಬತ್ತಿದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದರು. ಹೊಸ ಮನೆಗಳಿಗೆ ಜಗುಲಿ ಇಲ್ಲ. 1987ರಲ್ಲಿ ದೂರದರ್ಶನದ ರಾಮಾಯಣ ಶುರುವಾದ ಕಾಲದಿಂದ ಊರಿನ ಬಿಡುವು ಟೀವಿಯ ಎದುರು, ಮುಂದೆ ಮೊಬೈಲಿನೊಳಗೆ ಸೇರಿತು. ಹಾಗೆ ನೋಡಿದರೆ ಸವೆದದ್ದು ಆಟ ಆಡುವ ಸಂದರ್ಭ, ಆಟದ ಅರಿವು ಜನರಲ್ಲಿ ಇನ್ನೂ ಇದೆ. ಪೆಟ್ಟಿಗೆಯಲ್ಲಿ ಬರುವ ಚೌಕಾಬಾರ ಪಟವನ್ನು ಮರಳಿ ತರಬಲ್ಲದು, ಮೂರು ತಲೆಮಾರು ಒಟ್ಟಿಗೆ ಕೂರುವ ಮಧ್ಯಾಹ್ನವನ್ನು ತರಲಾರದು.

ಪ್ರಚಾರದಿಂದ ಒಳ್ಳೆಯದೇ ಆಗುತ್ತದಲ್ಲ, ತಕರಾರೇಕೆ ಎನ್ನುವವರೂ ಇದ್ದಾರೆ. ಆಟದ ಹಾಸು ಹೊಲಿಯುವವರಿಗೆ, ಮಣೆ ಕಡೆಯುವವರಿಗೆ ಕೆಲಸ ಸಿಗುತ್ತದೆ, ನಗರದ ಮಕ್ಕಳಿಗೆ ಕವಡೆಯ ಪರಿಚಯವಾಗುತ್ತದೆ. ಇದಕ್ಕೆ ಯಾರದೂ ಅಡ್ಡಿಯಿಲ್ಲ. ಆದರೆ ಪೆಟ್ಟಿಗೆಯೊಳಗಿನ ಚೀಟಿ ಒಂದೇ ನಿಯಮವನ್ನು ‘ಸರಿಯಾದ’ ನಿಯಮವೆಂದು ಅಚ್ಚು ಹಾಕುತ್ತದೆ, ಅಲ್ಲಿಗೆ ಊರೂರಿನ ಕಟ್ಟಳೆಗಳು ‘ತಪ್ಪು’ ಎನಿಸಿಕೊಳ್ಳುತ್ತವೆ. ಆಟವನ್ನು ಇಲ್ಲಿಯವರೆಗೆ ಹೊತ್ತು ತಂದ ಹೆಂಗಸರು, ಕುರಿ ಕಾಯುವವರು ಅದನ್ನು ಮರೆತವರ ಪಟ್ಟಿಗೆ ಸೇರುತ್ತಾರೆ. ಮರುಹುಟ್ಟಿನ ಕಥೆಯ ನಿಜವಾದ ಹಾನಿ ಇದು.

ಇದನ್ನು ಸರಿಪಡಿಸಲು ದೊಡ್ಡ ಯೋಜನೆ ಬೇಕಿಲ್ಲ. ಶಾಲಾ ಆಡಳಿತದ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿಯೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ತಮ್ಮ ಮನೆಯ, ತಮ್ಮ ಹಟ್ಟಿಯ ಹಿರಿಯರು ಯಾವ ಕಟ್ಟಳೆಯಲ್ಲಿ ಆಡುತ್ತಾರೆ, ಕಾಯಿಗೆ ಏನು ಬಳಸುತ್ತಾರೆ, ಎಣಿಕೆ ಕನ್ನಡದಲ್ಲೋ ತೆಲುಗಿನಲ್ಲೋ ಎಂದು ಮಕ್ಕಳು ಬರೆದು ತಂದರೆ, ಒಂದು ಬೇಸಿಗೆ ರಜೆಯಲ್ಲಿ ಈ ಸೀಮೆಯ ಆಟಗಳ ಇತಿಹಾಸಕ್ಕೆ ಇದುವರೆಗೆ ಇಲ್ಲದ ಆಧಾರ ಸಿಗುತ್ತದೆ. ಆಡುವವರು ಎಷ್ಟು ಉಳಿದಿದ್ದಾರೆ, ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ. ಆಟ ಬದುಕಿದೆಯೋ ಸತ್ತಿದೆಯೋ ಎಂದು ಬರೆಯುವವರು ಆಮೇಲೆ ಬರೆಯಲಿ.